ಹಿಂದಿನಿಂದ ಓದಿದ ಚಿತ್ರಕಥೆ

1948ರ ಬೇಸಿಗೆಯಲ್ಲಿ ದಿನಚರಿ ಬರೆಯಲು ಶುರುಮಾಡಿದೆ. ತಾರೀಖು, ಬಂದವರು, ಹೋದವರು, ಎಲ್ಲ ಉರ್ದುವಿನಲ್ಲಿ. ಕಲ್ಯಾಣಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆಗ ಕಲಿಸುತ್ತಿದ್ದದ್ದು ಅದನ್ನೇ. ಬಸವಕಲ್ಯಾಣವನ್ನು ನಾವು ಕಲ್ಯಾಣಿ ಎಂದೇ ಕರೆಯುತ್ತಿದ್ದೆವು.

ಪಕ್ಕದ ಮನೆಯಾಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವಳಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳು ನನ್ನ ಗೆಳತಿ. ಮಗ ಹುಮನಾಬಾದಿನ ಮೋಟಾರಿನಲ್ಲಿ ಕ್ಲೀನರ್. ಒಮ್ಮೆ ಅವನು ಹೈದರಾಬಾದಿನಿಂದ ತಂಗಿಗೆ ಇಂಗ್ಲಿಷ್ ಚಿತ್ರಕಥೆಗಳ ಪುಸ್ತಕ ತಂದುಕೊಟ್ಟ. ನಗೆಕಥೆ, ಸಾಹಸದ ಕಥೆ ಎಲ್ಲ ಒಂದೇ ಹೊಲಿಗೆಯಲ್ಲಿ.

ಮಳೆಗಾಲದ ಕೊನೆಗೆ ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ದಾರಿಗಳಲ್ಲಿ ಕೊಲೆಗಳಾದವು. ಆ ವಾರ ಕೆಲಸಕ್ಕೆಂದು ಹುಮನಾಬಾದಿಗೆ ಹೋದ ಖಾಲಾನ ಮಗ ತಿರುಗಿ ಬರಲಿಲ್ಲ. ಸತ್ತದ್ದನ್ನು ಕಂಡೆವು ಎನ್ನುವವರೂ ಸಿಗಲಿಲ್ಲ. ಬಳಗದವರು ಫಾತಿಹಾ ಓದಿಸು ಎಂದರು.

"ಜೀವಂತ ಇದ್ದವಗ ಯಾರರ ಫಾತಿಹಾ ಓದಸ್ತಾರೇನ್ರಿ?" ಎಂದು ಬಂದವರನ್ನು ಖಾಲಾ ಎಬ್ಬಿಸಿ ಕಳಿಸಿದಳು.

ಮಧ್ಯಾಹ್ನ ನಾನೂ ಗೆಳತಿಯೂ ಅವಳಿಗೆ ಚಿತ್ರಕಥೆ ಹೇಳುತ್ತಿದ್ದೆವು. ಇಂಗ್ಲಿಷ್ ಬಾರದು, ಚಿತ್ರ ನೋಡಿಯೇ ಹೇಳಬೇಕು. ಉರ್ದು ಪುಸ್ತಕದ ರೂಢಿಯಂತೆ ಅದನ್ನೂ ಬಲಗಡೆಯಿಂದ ತೆರೆದು, ಸಾಲನ್ನು ಬಲದಿಂದ ಎಡಕ್ಕೆ ಓದಿದೆವು. ಒಂದು ನಗೆಕಥೆ ಹೀಗಿತ್ತು: ದಪ್ಪನೆಯ ಮನುಷ್ಯ ಕೆಸರಲ್ಲಿ ಬಿದ್ದಿದ್ದಾನೆ, ಎದ್ದು ನಿಲ್ಲುತ್ತಾನೆ, ಆಮೇಲೆ ಕೂತು ಬಾಳೆಹಣ್ಣು ತಿನ್ನುತ್ತಾನೆ.

"ಚಲೋ ಊರದ," ಎಂದು ಖಾಲಾ ನಕ್ಕಳು. "ಬಿದ್ದವರಿಗೆ ಹಣ್ಣು ಕೊಡ್ತಾರ. ನಮ್ಮಲ್ಲಿ ಬಿದ್ರ ಬೈಗಳಾ ಸೈತ ಸಿಗಂಗಿಲ್ಲ."

ಅವಳಿಗೆ ಬೇಕಾದದ್ದು ಸಾಹಸದ ಕಥೆ. ಪುಟಕ್ಕೊಂದು ದೊಡ್ಡ ಚಿತ್ರ. ಸಮುದ್ರದಲ್ಲಿ ಮುಳುಗುವ ಹುಡುಗನ ಕೈಯಿಂದ ಶುರು. ಆಮೇಲೆ ಹಡಗು, ಬಿರುಗಾಳಿ, ಬಂದರು. ಕೊನೆಗೆ ಬಾಗಿಲಲ್ಲಿ ತಾಯಿ ಅವನನ್ನು ತಬ್ಬಿ ನಿಂತಿದ್ದಾಳೆ. ಆ ಪುಟ ಬಂದಾಗ ಖಾಲಾ, "ನೋಡಿದ್ರ್ಯಾ? ಬಂದ," ಎನ್ನುತ್ತಿದ್ದಳು. ಅವಳು ಈ ಕಥೆ ಕೇಳಿದ ದಿನಗಳಿಗೆ ನಾನು ದಿನಚರಿಯ ಅಂಚಿನಲ್ಲಿ ಗೆರೆ ಹಾಕುತ್ತಿದ್ದೆ. ಗೆರೆ ಇಲ್ಲದ ದಿನ ಕಡಿಮೆ.

ಮರುವರ್ಷ ಶಾಲೆ ಕನ್ನಡವಾಯಿತು. ಇಂಗ್ಲಿಷ್ ಅಂಕಿಗಳೂ ಬಂದವು. ಒಂದು ಮಧ್ಯಾಹ್ನ ಗೆಳತಿ ಜಂಬದಿಂದ ಪುಟದ ಮೂಲೆಯ ಮೇಲೆ ಬೆರಳಿಟ್ಟಳು.

"ಅಮ್ಮಿ, ನೋಡು, ಇದು ಒಂದು."

ಅದು ತಾಯಿ ತಬ್ಬಿ ನಿಂತ ಪುಟ. ಗೆಳತಿಯ ಬೆರಳು ನಾವು ಓದುತ್ತಿದ್ದುದಕ್ಕೆ ಉಲ್ಟಾ ಪುಟ ತಿರುವುತ್ತಾ ನಿಧಾನವಾಯಿತು. ಎರಡು, ಮೂರು. ಮುಳುಗುವ ಕೈ ಎಂಟು.

"ಎಂಟರ ಮುಂದ?" ಖಾಲಾ ಕೇಳಿದಳು.

"ಬ್ಯಾರೆ ಕಥಿ, ಅಮ್ಮಿ."

"ಹಂಗಾರ ತಾಯಿ ತಬ್ಬಿದ್ದು ಮಗ ಬಂದಾಗ ಅಲ್ಲ, ಕಳಸೂವಾಗ."

ಎಂಟನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಮರುದಿನ ಅದನ್ನು ಮಾಸ್ತರರಿಗೆ ತೋರಿಸಿದೆ. "ಉಳಿದದ್ದು ಮುಂದಿನ ಪುಸ್ತಕದಾಗ ಅಂತ ಬರದಾರ," ಎಂದರು. ನಾನು ಓಡಿಬಂದೆ.

"ಖಾಲಾ, ಇನ್ನಾ ಮುಗದಿಲ್ರಿ! ಮುಂದಿನ ಪುಸ್ತಕದಾಗ ಹುಡುಗ ಅದಾನಂತ!"

ಖಾಲಾ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಪುಸ್ತಕ ತರಾವನೇ ಇಲ್ಲಲ್ಲ, ಬೇಟಿ."

ಆ ಗುರುವಾರ ಖಾಲಾ ಮಗನ ಫಾತಿಹಾ ಓದಿಸಿದಳು. ಫಾತಿಹಾದ ಸಿಹಿ, ಮಾಲೀದಾ ತುಂಬಿದ ತಟ್ಟೆ ನಮ್ಮ ಮನೆಗೂ ಬಂತು. ಶನಿವಾರ ಶಾಲೆಗೆ ಕರೆಯಲು ಹೋದಾಗ ಗೆಳತಿ ಬಾಗಿಲಲ್ಲೇ ನಿಂತಳು.

"ನೀ ಹೋಗು," ಎಂದಳು. "ಓದಿದ್ದಕ್ಕೇ ಹಿಂಗಾತು. ನಾ ಇನ್ನ ಓದಂಗಿಲ್ಲ."

ಸೋಮವಾರವೂ ಕರೆದೆ. ಆಮೇಲೆ ಒಬ್ಬಳೇ ಹೋಗತೊಡಗಿದೆ.