ಮಡಿವಾಳೆಪ್ಪನ ರೇಸಿನ ಗೋಡೆ

ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ಎಲ್ಲರೂ ಮಡಿವಾಳೆಪ್ಪನ ಹತ್ತಿರವೇ ಬರುತ್ತಿದ್ದರು. ನಮ್ಮ ಮನೆಯ ಹೊರಗೋಡೆಗೆ ತಗಡಿನ ಚಪ್ಪರ ಇಳಿಸಿ ಗ್ಯಾರೇಜು ಮಾಡಿಕೊಂಡಿದ್ದ. ಗೋಡೆ ನನ್ನದು, ಅದರ ಮೇಲಿನ ಬರಹ ಅವನದು. 1996ರಿಂದ ಫಾರ್ಮುಲಾ ಒನ್ ರೇಸುಗಳ ಫಲಿತಾಂಶವನ್ನು ಕಪ್ಪು ಪೇಂಟಿನಲ್ಲಿ, ದುಂಡು ಅಕ್ಷರದಲ್ಲಿ, ಅಲ್ಲಿ ಬರೆಯುತ್ತ ಬಂದಿದ್ದ. ಮೊದಮೊದಲು ಪೇಪರಿನ ಮೂಲೆಯ ಬೆರಳುದ್ದದ ಸುದ್ದಿ ನೋಡಿ, ಆಮೇಲೆ ಮೊಬೈಲು ನೋಡಿ.

"ಎಲ್ಲಿ ಮೊನಾಕೊ, ಎಲ್ಲಿ ಅಣ್ಣಿಗೇರಿ? ನಿನಗ್ಯಾಕಲೇ ಈ ಉಸಾಬರಿ?" ಅಂತ ನಾನು ರೇಗುತ್ತಿದ್ದೆ.

"ಗೆದ್ದಾಂವನ ಹೆಸರು ಎಲ್ಲಾರೂ ಹೇಳತಾರ, ಗೌರೀಶ. ನಿಂತ ಗಾಡಿ ಯಾಕ ನಿಂತು ಅನ್ನೂದು ನನಗ ಬೇಕು."

ಹಾಗಾಗಿ ಗೆದ್ದವನ ಹೆಸರಿನ ಕೆಳಗೆ ಸೋತವರ ರೋಗವೂ ಇರುತ್ತಿತ್ತು: ಗೇರ್‌ಬಾಕ್ಸು, ಟೈರು, ಇಂಜಿನ್ನು. ಕಾಯುತ್ತ ಕೂತ ರೈತರಿಗೆ ನಟ್ಟು ಬಿಚ್ಚುವ ಪಾನಾ ಚಾಚಿ ತೋರಿಸಿ ಓದುತ್ತಿದ್ದ. ಮೊನಾಕೊದ ಮಳೆಯಲ್ಲಿ ಇಪ್ಪತ್ತೊಂದು ಕಾರು ಹೊರಟು ಕೊನೆಗೆ ಓಡುತ್ತಿದ್ದವು ಮೂರೇ. ದಿಲ್ಲಿ ಬಾಜು ಮೂರು ವರ್ಷ ರೇಸು ನಡೆದರೆ ಮೂರೂ ಸಲ ಒಬ್ಬನೇ ಗೆದ್ದ. "ಬೆಲ್ಜಿಯಂನಾಗ ಮಳಿಗೆ ರೇಸ್ ಆಗಲೇ ಇಲ್ಲ, ಆದ್ರೂ ಒಬ್ಬಾಂವ ಗೆದ್ದಾನ ನೋಡ್ರಿ!" ಅನ್ನುವಾಗ ಅವನ ನಗು ನಮ್ಮ ಪಡಸಾಲೆಗೆ ಕೇಳುತ್ತಿತ್ತು.

ಹೋದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಅವನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗಲೇ ನನ್ನ ಮಗಳು ರೋಹಿಣಿಯನ್ನು ನೋಡಲು ಗದಗಿನಿಂದ ಗಂಡಿನವರು ಬರುವವರಿದ್ದರು. ಬೀಗರ ಕಣ್ಣಿಗೆ ಮನೆ ಚೆಂದ ಕಾಣಬೇಕಲ್ಲ? ನಾನೇ ಮುಂದೆ ನಿಂತು ಆ ಗೋಡೆಗೆ ಬಿಳಿ ಬಣ್ಣ ಬಳಿಸಿದೆ. ಒಂದು ಸಾಲು ಕಾಣುತ್ತಿದೆ ಅಂತ ಪೇಂಟಿನವರನ್ನು ಬೈದು ಎರಡನೇ ಸಲವೂ ಬಳಿಸಿದೆ. ಬಂದ ಬೀಗರು ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ವಾರ ಕಳೆದ ಮೇಲೆ ಅವನ ಹೆಂಡತಿ ಮಹಾನಂದಾ ಫೋನು ಮಾಡಿದಳು. "ಅವರು ತಾವ ಬರದದ್ದನ್ನ ಅವರ ಕಡಿಂದ ದಿನಾ ಓದಿಸ್ರಿ, ಮಾತು ತಿರಗತದ ಅಂದಾರ್ರಿ ಡಾಕ್ಟರು. ಇವರು ಗೋಡಿ, ಗೋಡಿ ಅಂತ ಕೈ ಮಾಡಾಕತ್ತಾರ."

ಫೋನಿಟ್ಟು ಹೋಗಿ ಬ್ಲೇಡಿನಿಂದ ಕೆರೆದೆ. ಬಿಳಿಯ ಜೊತೆ ಕಪ್ಪೂ ಉದುರಿತು. ನಾಚಿಕೆಗೇಡಿನ ಕೆಲಸ ಮಾಡಿದ್ದೆ, ಹೇಳುವ ಧೈರ್ಯವೂ ಇರಲಿಲ್ಲ.

ಅವನನ್ನು ಕರೆತಂದ ದಿನ ಮಹಾನಂದಾ ಕುರ್ಚಿಯನ್ನು ಗೋಡೆಯ ಎದುರಿಗೇ ಇಟ್ಟಳು. ಬರಿ ಗೋಡೆ ಕಂಡು ಗಂಡನ ಬಾಯಿ ತೆರೆದೇ ಉಳಿಯಿತು. ಅವಳು ಗೋಡೆ ನೋಡಿದಳು, ನನ್ನ ಮುಖ ನೋಡಿದಳು. ಎಲ್ಲವೂ ತಿಳಿಯಿತು ಅವಳಿಗೆ. ಅವರ ಹೊಟ್ಟೆಪಾಡಿನ ಗ್ಯಾರೇಜು ನಿಂತಿದ್ದು ನನ್ನ ಗೋಡೆಗೆ ತಾನೆ!

"ಪೇಂಟಿನವ್ರು ಗೊತ್ತಿಲ್ದ ಬಳದಾರಂತ್ರಿ," ಅಂದಳು ಗಂಡನಿಗೆ. "ಗೌರೀಶಣ್ಣಾರು ಆವತ್ತ ಊರಾಗಿದ್ದಿಲ್ಲ."

ಮಡಿವಾಳೆಪ್ಪ ಎಡಗೈಯಿಂದ ನನ್ನ ಕೈ ಹಿಡಿದ. ತುಟಿ ಸೊಟ್ಟಗಾಯಿತು, ಕುತ್ತಿಗೆಯ ನರ ಉಬ್ಬಿತು. ಒಂದೊಂದೇ ಮಾತನ್ನು ಎಳೆದು ತಂದ.

"ನೀ... ಊರಾಗ... ಇದ್ದಿದ್ರ... ಬಳಿಯಾಕ... ಬಿಡ್ತಿದ್ದಿಲ್ಲ."

ಮೂರು ತಿಂಗಳಲ್ಲಿ ಅವನಾಡಿದ ಮೊದಲ ಪೂರ್ತಿ ಮಾತು ಅದು. ಮಹಾನಂದಾ ಸೆರಗು ಬಾಯಿಗೆ ಹಿಡಿದು ಅತ್ತಳು. ನಾನು ಹೌದು ಅಂದೆ.