ಅಜ್ಜಿಯ ಜಪಸರ ತೆಗೆದುಕೊಂಡ ಕೈ

ನಾನು ಕೆ.ಆರ್.ಪೇಟೆಯ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರು. ದೆವ್ವದ ಕಥೆ ಹೇಳಿ ಪಕ್ಕದವರನ್ನು ಹೆದರಿಸುವ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಅಂಥವಳೇ ಇದನ್ನು ಬರೆಯಲು ಕೂತಿದ್ದೇನೆ ಎಂದರೆ ನೀವೇ ಯೋಚಿಸಿ. ಯಾರೋ ಹೇಳಿದ್ದಲ್ಲ, ಎಲ್ಲೋ ಓದಿದ್ದಲ್ಲ... ಹೋದ ವರ್ಷ ಪಾಲಹಳ್ಳಿಯಲ್ಲಿ, ನಮ್ಮ ಅಜ್ಜಿಯ ಹೆಣದ ಪಕ್ಕದಲ್ಲಿ, ನನಗೇ ಆದದ್ದು.

ಅಜ್ಜಿಯ ಹೆಸರು ಲೂರ್ದಮ್ಮ. ಓದು ಬರಹ ಇಲ್ಲ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಮೂರು ಮಕ್ಕಳನ್ನು ಸಾಕಿದಳು. ಭಾನುವಾರದ ಪೂಜೆಗೆ ಚರ್ಚಿಗೆ ಹೋಗುವುದನ್ನು ಜ್ವರ ಬಂದರೂ ತಪ್ಪಿಸಿದವಳಲ್ಲ. ಆದರೆ ಊರಿನವರು ಅವಳನ್ನು ನೆನೆಯುವುದು ಬೇರೆ ಕಾರಣಕ್ಕೆ. ಯಾರ ಮನೆಯಲ್ಲಿ ಸಾವಾಗಿ ಹೆಣವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಕಾಗಿ ಬಂದರೂ ಅಜ್ಜಿ ಜಪಸರ ಹಿಡಿದು ಹೊರಟುಬಿಡುತ್ತಿದ್ದಳು. ಕ್ರೈಸ್ತರ ಮನೆ, ಗೌಡರ ಮನೆ, ಕಾಲೋನಿಯ ಮನೆ ಎಂಬ ಭೇದ ಅವಳಿಗಿರಲಿಲ್ಲ. ಗೋಡೆಗೊರಗಿ ಕೂತು, ಅತ್ತು ಸುಸ್ತಾದವರಿಗೆಲ್ಲ "ನೀವ್ ಮನಿಕ್ಕಳಿ, ನಾನ್ ಕೂತಿರ್ತೀನಿ" ಎನ್ನುವಳು. ಆಮೇಲೆ ಬೆಳಗಿನವರೆಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಕೊರೊನಾ ಕಾಲದಲ್ಲಿ ಪಕ್ಕದ ಬೀದಿಯ ನಿಂಗಣ್ಣ ಮನೆಯಲ್ಲೇ ತೀರಿಕೊಂಡ. ಭಯಕ್ಕೆ ಯಾರನ್ನೂ ಒಳಗೆ ಬಿಡಲಿಲ್ಲ. ಅಜ್ಜಿ ಬೀದಿಯಲ್ಲೇ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ರಾತ್ರಿಯಿಡೀ ಕೂತು ಬಂದಳು. ಅಂಥ ಹಟಮಾರಿ ಮುದುಕಿ.

ಹಿಂದೂಗಳ ಮನೆಯಲ್ಲಿ ನಮ್ಮ ಜಪ ಮಾಡಿದರೆ ಅವರೇನೂ ಅನ್ನುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ನಾನೇನ್ ಜೋರಾಗ್ ಮಾಡ್ತೀನಾ? ಸತ್ತೋರು ಒಬ್ರೇ ಇರ್ತಾರಲ್ಲವ್ವ, ಅದ್ಕೆ ಓಯ್ತೀನಿ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ನಾನ್ ಓದ್ ದಿನ ನೀನ್ ಕೂತ್ಕಬೇಕು ಕಣವ್ವ. ನಿದ್ದೆಗಿದ್ದೆ ಮಾಡ್ಬುಟ್ಟೀಯ."

ಆಯ್ತಜ್ಜಿ ಎಂದು ನಕ್ಕು ಮಾತು ಕೊಟ್ಟೆ. ಅವಳು ನನ್ನಿಂದ ಜೀವಮಾನದಲ್ಲಿ ಕೇಳಿದ್ದು ಅದೊಂದನ್ನೇ.

ಸುದ್ದಿ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಅಳು ಬರಲಿಲ್ಲ. ಬಸ್ಸಿನಲ್ಲಿ ಕೂತು ಉಳಿದ ಟೆಸ್ಟ್ ಪೇಪರುಗಳನ್ನು ತಿದ್ದಿ ಮುಗಿಸಿದೆ, ನಂಬುತ್ತೀರಾ? ಜೋಮು ಹಿಡಿದ ಕಾಲನ್ನು ಮುಟ್ಟಿಕೊಂಡರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗಿರುತ್ತದಲ್ಲ, ನನ್ನೊಳಗೆಲ್ಲ ಹಾಗಿತ್ತು. ಮನೆಗೆ ಬಂದು ಅಜ್ಜಿಯ ಮುಖ ನೋಡಿದಾಗಲೂ ಹಾಗೇ ಇತ್ತು.

ಚಿಕ್ಕಪ್ಪ ಲಾರಿ ಡ್ರೈವರು. ನಾಸಿಕ್ ಕಡೆಯಿಂದ ಬರುತ್ತಿದ್ದ. ಅವನು ತಲುಪುವುದು ಬೆಳಗ್ಗೆಯೇ ಎಂದು ಗೊತ್ತಾಗಿ, ಶ್ರೀರಂಗಪಟ್ಟಣದಿಂದ ಫ್ರೀಜರ್ ಪೆಟ್ಟಿಗೆ ತರಿಸಿ ಅಜ್ಜಿಯನ್ನು ಅದರೊಳಗೆ ಮಲಗಿಸಿದರು. ಅದರ ಗುಂಯ್ ಎನ್ನುವ ಸದ್ದು... ಸಾಂಬ್ರಾಣಿ, ಮಲ್ಲಿಗೆ, ಕರಗಿದ ಮೇಣದ ವಾಸನೆ.

ಇಂಥ ರಾತ್ರಿಯ ಜಪಕ್ಕೆ ಅಜ್ಜಿ ನಮ್ಮ ಮನೆಯಲ್ಲಿ ಒಂದು ಕ್ರಮ ಇಟ್ಟಿದ್ದಳು. ಒಬ್ಬರು ಮಂತ್ರದ ಮೊದಲರ್ಧ ಹೇಳಬೇಕು, ಉಳಿದವರು ಕೊನೆಯರ್ಧ. ಹೇಳುವವರು ಸೋತರೆ, ನಿಲ್ಲಿಸಿದ ಮಣಿಯನ್ನು ಬೆರಳಲ್ಲಿ ಹಿಡಿದೇ ಸರವನ್ನು ಪಕ್ಕದವರ ಕೈಗೆ ಕೊಡಬೇಕು. ಅವರು ಅದೇ ಮಣಿಯಿಂದ ಮುಂದುವರಿಸಬೇಕು. ಬೆಳಗಾಗುವ ತನಕ ಸರ ನೆಲ ಮುಟ್ಟಬಾರದು.

ಹನ್ನೆರಡರ ಹೊತ್ತಿಗೆ ನೆಂಟರೆಲ್ಲ ಅಲ್ಲಲ್ಲೇ ಉರುಳಿಕೊಂಡರು. ಕೊನೆಗೆ ಉಳಿದವರು ನಾನು ಮತ್ತು ಅತ್ತೆ, ಅಂದರೆ ಅಜ್ಜಿಯ ಮಗಳು. ಅತ್ತೆಯ ತಲೆ ತೂಗುತ್ತಿತ್ತು. ನಾನೇ ಅವರನ್ನು ಒಳಗಿನ ಕೋಣೆಗೆ ಕಳಿಸಿದೆ. ಒಬ್ಬಳೇ ಕೂತೆ. ಎದುರಿಗೆ ತೆರೆದ ಬಾಗಿಲು, ಹೊರಗೆ ಶಾಮಿಯಾನದ ಕೆಳಗೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಮೊದಲರ್ಧವನ್ನೂ ನಾನೇ ಹೇಳಿದೆ, ಕೊನೆಯರ್ಧವನ್ನೂ ನಾನೇ ಹೇಳಿದೆ.

ಆಮೇಲೆ... ನಿದ್ದೆ ಬಂದುಬಿಟ್ಟಿತು.

ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ಕರೆಂಟು ಹೋಗಿ ಪೆಟ್ಟಿಗೆ ಸುಮ್ಮನಾಗಿತ್ತು. ಮೇಣದ ಬತ್ತಿಯೊಂದು ಉರಿಯುತ್ತಿತ್ತು. ಹಸಿ ಮಣ್ಣಿನ ವಾಸನೆ ಬಂತು, ಜೊತೆಗೆ ಬೀಡಿ, ವಿಭೂತಿ... ನಮ್ಮ ಮನೆಯಲ್ಲಿ ಎಂದೂ ಇಲ್ಲದ ವಾಸನೆಗಳು. ನನ್ನ ತಲೆ ಎದೆಯ ಮೇಲೆ ಬಿದ್ದಿತ್ತು, ರೆಪ್ಪೆ ಎತ್ತಲಾಗುತ್ತಿರಲಿಲ್ಲ. ಒಂದು ಕೈ ನನ್ನ ಹೆಬ್ಬೆರಳಿನ ಕೆಳಗಿದ್ದ ಮಣಿಯನ್ನು ಮೆಲ್ಲಗೆ ಹಿಡಿದುಕೊಂಡಿತು. ಗುದ್ದಲಿ ಹಿಡಿದವರ ಕೈ. ಬೆರಳುಗಳು ತಣ್ಣಗಿದ್ದವು.

"ಕೊಡವ್ವ ಇಲ್ಲಿ. ನೀನ್ ಮನಿಕ್ಕೊ, ನಾವ್ ಕೂತಿರ್ತೀವಿ."

ಗಂಡಸಿನ ದನಿ. ಕೊಟ್ಟುಬಿಟ್ಟೆ. ಯಾರು ಎಂದು ಕೇಳಬೇಕೆಂದೂ ಅನ್ನಿಸಲಿಲ್ಲ.

ಜಪ ಮುಂದುವರಿಯಿತು. ಮೊದಲರ್ಧ ಹೇಳುತ್ತಿದ್ದ ದನಿ ತೊಡರುತ್ತಿತ್ತು, ಒಂದು ರಾತ್ರಿಯಿಡೀ ಪಕ್ಕದಲ್ಲಿ ಕೇಳಿ ಕೇಳಿ ಅರ್ಧಂಬರ್ಧ ಕಲಿತವರ ಹಾಗೆ. ಉತ್ತರ ಅಂಗಳದಿಂದ ಬಂತು. ಒಬ್ಬಿಬ್ಬರದಲ್ಲ, ಹತ್ತಿಪ್ಪತ್ತು ಜನರದು. ಅವರಲ್ಲಿ ಮಾತು ಗೊತ್ತಿದ್ದವರು ನಾಲ್ಕೈದು ಮಂದಿ ಇದ್ದಿರಬಹುದು. ಮಿಕ್ಕವರೆಲ್ಲ ಮಾತಿಲ್ಲದೆ ಬರೀ ರಾಗ ಹಿಡಿದು ಗುನುಗುತ್ತಿದ್ದರು, ಮಣಿ ಮಣಿಗೂ, ಒಂದನ್ನೂ ತಪ್ಪಿಸದೆ...

ನಾನು ತಲೆ ಎತ್ತಿ ನೋಡಲಿಲ್ಲ. ಹೆದರಿಕೆಯಿಂದ ಅಲ್ಲ. ಹೆದರಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಸದ್ಯ ಯಾರೋ ಇದ್ದಾರಲ್ಲ ಅನ್ನಿಸಿತು, ಮತ್ತೆ ನಿದ್ದೆ ಹೋದೆ.

ಬೆಳಕು ಹರಿದಾಗ ಪೆಟ್ಟಿಗೆ ಮತ್ತೆ ಗುಂಯ್ ಎನ್ನುತ್ತಿತ್ತು. ನನ್ನ ಕೈ ಖಾಲಿ. ಸರ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅತ್ತೆ ಅಂಗಳದಲ್ಲಿ ನಿಂತಿದ್ದರು. ಪೇರಿಸಿಟ್ಟಿದ್ದ ಕುರ್ಚಿಗಳೆಲ್ಲ ಇಳಿದು, ಬಾಗಿಲಿಗೆ ಮುಖ ಮಾಡಿ ಸಾಲಾಗಿದ್ದವು.

"ರಾತ್ರಿ ಇಷ್ಟ್ ಜನ ಬಂದಿದ್ರಾ?" ಎಂದರು ಅತ್ತೆ.

"ಊರೋರು" ಎಂದೆ.

ಸರ ಯಾರು ತೆಗೆದುಕೊಂಡಿರಿ ಎಂದು ಆಮೇಲೆ ಒಬ್ಬೊಬ್ಬರನ್ನೂ ಕೇಳಿದೆ. ನೆಂಟರಲ್ಲಿ ಯಾರೂ ಎದ್ದೇ ಇರಲಿಲ್ಲ. ಅಕ್ಕಪಕ್ಕದವರು ರಾತ್ರಿ ಬಂದಿರಲಿಲ್ಲ, ಬೆಳಗ್ಗೆ ಬರೋಣವೆಂದು ಮಲಗಿದ್ದರಂತೆ. ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನ್ನ ತಲೆ ಸವರಿದರು. "ನೀನ್ ಎದ್ದಿದ್ದೆ ಬುಡವ್ವ. ನಮ್ಮವ್ವ ಒಬ್ಳೇ ಇರ್ಲಿಲ್ಲ" ಎಂದರು. ನಾನು ತಲೆಯಾಡಿಸಿದೆ. ಕೊಟ್ಟ ಮಾತಿಗೆ ನಾನು ತಪ್ಪಿದೆ ಎಂದು ಈವರೆಗೂ ಅವರಿಗೆ ಹೇಳಿಲ್ಲ. ಅಳುವೂ ಈವರೆಗೆ ಬಂದಿಲ್ಲ.

ಹೆದರಿಕೆ ಮಾತ್ರ ಬಂತು, ಎರಡು ವಾರ ಬಿಟ್ಟು. ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದೆ. ಬೆನ್ನ ಹಿಂದೆ ಮಕ್ಕಳು ಮಗ್ಗಿಯನ್ನು ಒಟ್ಟಾಗಿ ಗುನುಗುತ್ತಿದ್ದರು. ಚಾಕ್‌ಪೀಸು ಕೈಯಿಂದ ಬಿತ್ತು. ತಿರುಗಿ ನೋಡಲು ನನಗೆ ಬಹಳ ಹೊತ್ತು ಹಿಡಿಯಿತು.

ಹೋದ ತಿಂಗಳು ಪಾಲಹಳ್ಳಿಯಿಂದ ಫೋನು ಬಂದಿತ್ತು. ನಿಂಗಣ್ಣನ ಹೆಂಡತಿ ತೀರಿಕೊಂಡಿದ್ದರು. "ನಿಮ್ಮಜ್ಜಿ ಇದ್ದಿದ್ರೆ ಬಂದ್ ಕೂತ್ಕತಿದ್ರು. ನೀವಾದ್ರೂ ಬತ್ತೀರಾ ಟೀಚರೇ, ನಾನು ನನ್ನೆಂಡ್ರು ಇಬ್ರೇ ಇರಾದು" ಎಂದ ಅವರ ಮಗ. ಹೋಗಬೇಕಾದದ್ದು ನನ್ನ ಧರ್ಮ. ಅಜ್ಜಿಯಾಗಿದ್ದರೆ ಅವನ ಮಾತು ಮುಗಿಯುವ ಮೊದಲೇ ಹೊರಟಿರುತ್ತಿದ್ದಳು. ನಾನು ಪರೀಕ್ಷೆ ಡ್ಯೂಟಿ ಇದೆ ಎಂದು ಸುಳ್ಳು ಹೇಳಿದೆ.

ಆ ರಾತ್ರಿ ಕೆ.ಆರ್.ಪೇಟೆಯ ರೂಮಿನಲ್ಲಿ ದೀಪ ಹಾಕಿಕೊಂಡು ಬೆಳಗಿನವರೆಗೂ ಎದ್ದು ಕೂತಿದ್ದೆ, ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ. ಅಲ್ಲಿ ಆ ಹೆಂಗಸಿನ ಪಕ್ಕ ಯಾರು ಕೂತಿದ್ದರು ಎಂದು ಅವನನ್ನು ನಾನು ಕೇಳಿಲ್ಲ. ಕೇಳಲು ಧೈರ್ಯವಿಲ್ಲ.