ಮೀನಿಗೆ ಖಾರ ಅರೆದ ಭಟ್ಟರು

ನಾನು ಊಟದ ಡಬ್ಬಿಯ ಮುಚ್ಚಳ ತೆರೆದ ಕೂಡಲೇ ಪುರುಷೋತ್ತಮ ಭಟ್ಟರು ಎದ್ದು, ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಹೊರಗಿನ ಜಗಲಿಗೆ ಹೋಗಿಬಿಡುತ್ತಿದ್ದರು. ಇದು ವರ್ಷಗಟ್ಟಲೆ ನಡೆದುಬಂದ ಕ್ರಮ. ನನ್ನ ಡಬ್ಬಿಯಲ್ಲಿ ಮೀನಿರುತ್ತಿತ್ತು, ಅವರ ಮೂಗಿಗೆ ಅದು ಆಗುತ್ತಿರಲಿಲ್ಲ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಿರುವ ಲಂಗಾಟಾದಿಂದ ಎರಡು ಮಟಾಟು ವ್ಯಾನು ಹತ್ತಿ ಇಳಿದು, ನೂಕಾಟದಲ್ಲಿ ಡಬ್ಬಿ ಮಗುಚದ ಹಾಗೆ ತಂದವಳು ನಾನು. ನನ್ನ ಅನ್ನದ ಮುಂದೆ ಮೂಗು ಮುಚ್ಚಿಕೊಳ್ಳುವುದೆಂದರೇನು? ಆಮೇಲೆ ಅದೂ ಅಭ್ಯಾಸವಾಯಿತು. ಅವರು ಜಗಲಿಯಲ್ಲಿ, ನಾನು ಒಳಗೆ, ಬಾಗಿಲ ಮೂಲಕವೇ ಮಾತು.

ನಾವಿಬ್ಬರೂ ಕೆಲಸ ಮಾಡುವುದು ರಿವರ್‌ಸೈಡಿನ ಒಂದು ಗೆಸ್ಟ್‌ಹೌಸಿನಲ್ಲಿ. ಬೆಂಗಳೂರಿನ ಕಂಪನಿಯೊಂದು ನೈರೋಬಿಗೆ ಕಳಿಸುವ ಹುಡುಗ ಹುಡುಗಿಯರು ಇಲ್ಲಿ ಉಳಿದುಕೊಳ್ಳುತ್ತಾರೆ. ನಾನು ರೊಸಲಿನ್, ಮೇಲ್ವಿಚಾರಕಿ. ಮದುವೆಯಾಗಿ ಮಂಗಳೂರಿನಿಂದ ಬಂದವಳು ಈ ಊರಿನಲ್ಲೇ ಮುದುಕಿಯಾದೆ. ಭಟ್ಟರು ಮೈಸೂರಿನವರು, ಅಡುಗೆಗೆಂದೇ ಕಂಪನಿ ಕರೆಸಿಕೊಂಡವರು. ಅವರು ನಿಜಕ್ಕೂ ಭಟ್ಟರೋ ಅಲ್ಲವೋ ನಾನು ಕೇಳಿದವಳಲ್ಲ. ನಮ್ಮ ಕಡೆ ಸೌಟು ಹಿಡಿದ ಬ್ರಾಹ್ಮಣರೆಲ್ಲ ಭಟ್ಟರೇ.

ಅವರ ಅಡುಗೆಯಲ್ಲಿ ಒಂದು ವಿಶೇಷವಿತ್ತು. ಅವರು ರುಚಿ ನೋಡುತ್ತಿರಲಿಲ್ಲ. ಫ್ರಿಜ್ಜಿನ ಮೇಲೆ ಪುಟ್ಟ ಕೃಷ್ಣನೊಬ್ಬನಿದ್ದಾನೆ. ಅವನಿಗೆ ನೈವೇದ್ಯವಾಗುವ ತನಕ ಒಂದು ಹನಿ ಸಾರೂ ಯಾರ ನಾಲಗೆಗೂ ತಾಗುವ ಹಾಗಿರಲಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಾಗಿ, ಹಬೆಯನ್ನು ಅಂಗೈಯಿಂದ ಮೂಗಿನ ಕಡೆಗೆ ಎಳೆದುಕೊಂಡು, "ಉಪ್ಪು ಒಂಚೂರು ಕಮ್ಮಿ" ಎನ್ನುತ್ತಿದ್ದರು. ಸುಳ್ಳು ಬಿಡುತ್ತಾರೆಂದು ಒಮ್ಮೆ ಅವರು ಅತ್ತ ತಿರುಗಿದಾಗ ನಾನು ಕದ್ದು ನೆಕ್ಕಿ ನೋಡಿದ್ದೆ. ಉಪ್ಪು ನಿಜಕ್ಕೂ ಒಂಚೂರು ಕಮ್ಮಿಯೇ ಇತ್ತು. ಕೃಷ್ಣನಿಗಿಂತ ಮೊದಲು ನಾನು ಉಂಡೆನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಹೋದ ವರ್ಷ ನೈರೋಬಿಯ ಜುಲೈ ಚಳಿಯಲ್ಲಿ ಗೆಸ್ಟ್‌ಹೌಸಿಗೆ ಗೆಸ್ಟ್‌ಹೌಸೇ ಜ್ವರ ಹಿಡಿದು ಮಲಗಿತು. ಎಲ್ಲರೂ ಎದ್ದರು, ಭಟ್ಟರೂ ಎದ್ದು ಒಲೆಯ ಮುಂದೆ ನಿಂತರು. ಆದರೆ ಸಾರು ಮೊದಲಿನ ಸಾರಾಗಿರಲಿಲ್ಲ. ಒಂದು ದಿನ ಉಪ್ಪೇ ಇಲ್ಲ, ಇನ್ನೊಂದು ದಿನ ಇಂಗು ಮೂಗಿಗೆ ಹೊಡೆಯುವಷ್ಟು. ಶಮಂತ್ ಎಂಬ ಹುಡುಗ ತಟ್ಟೆ ಸರಿಸಿ, "ಆಂಟೀ, ಭಟ್ರು ಲವ್‌ನಲ್ಲಿ ಬಿದ್ದಿದಾರಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಗೇಟು ದಾಟುವಾಗಲೇ ಹಾಲು ಸೀದ ವಾಸನೆ. ಓಡಿಹೋಗಿ ನೋಡಿದರೆ, ಭಟ್ಟರು ಒಲೆಯ ಪಕ್ಕದಲ್ಲೇ ನಿಂತು ಬೀನ್ಸ್ ಹೆಚ್ಚುತ್ತಿದ್ದಾರೆ. ಹಿಂದೆ ಪಾತ್ರೆ ಕಪ್ಪಗಾಗಿ ಹೊಗೆಯಾಡುತ್ತಿದೆ. ನಾನು ಒಲೆ ಆರಿಸಿದೆ.

"ಎಂತ ಭಟ್ರೇ ಇದು? ಮೂಗು ಉಂಟಾ ಇಲ್ವಾ ನಿಮಗೆ?"

ಬೈಯಲೆಂದೇ ಕೇಳಿದ್ದು. ಅವರು ಚಾಕು ಕೆಳಗಿಟ್ಟರು.

"ಇಲ್ಲ ರೊಸಲಿನಮ್ಮ. ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ. ವಾಸನೇನೂ ಇಲ್ಲ, ರುಚೀನೂ ಇಲ್ಲ. ಅನ್ನ ತಿಂದ್ರೆ ಹತ್ತಿ ತಿಂದಂಗಿರತ್ತೆ. ದಯವಿಟ್ಟು ಯಾರಿಗೂ ಹೇಳ್ಬೇಡಿ. ಮೂಗಿಲ್ಲದ ಅಡುಗೆಯವನನ್ನ ಯಾರು ಇಟ್ಕೋತಾರೆ?"

ಕಣ್ಣಿಲ್ಲದವನ ನೋವು ನಾಲ್ಕು ಜನಕ್ಕೆ ಕಾಣುತ್ತದೆ. ಮೂಗು ಹೋದವನದು ಯಾರಿಗೆ ಕಾಣಬೇಕು? ಅದರಲ್ಲೂ ಈ ಮನುಷ್ಯ ಹುಟ್ಟಿದಾಗಿನಿಂದ ಇಡೀ ಕಸುಬನ್ನು ಮೂಗಿನ ಮೇಲೆಯೇ ಕಟ್ಟಿಕೊಂಡವನು.

ಅಪ್ಪರ್ ಹಿಲ್ಲಿನ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಬರಬಹುದು, ಬರದೆಯೂ ಇರಬಹುದು, ದಿನಾ ಗಾಢ ವಾಸನೆಯ ವಸ್ತುಗಳನ್ನು ಮೂಸಿ, ಕಾಯಿರಿ ಎಂದರು ಅವರು. ಭಟ್ಟರು ಕಾಫಿಪುಡಿ ಮೂಸಿದರು, ಲವಂಗ ಮೂಸಿದರು, ಇಂಗಿನ ಡಬ್ಬಿಗೆ ಮುಖವನ್ನೇ ಇಟ್ಟರು. ಏನೂ ಇಲ್ಲ. ನಾನು ಬೇಕಾದರೆ ರುಚಿ ನೋಡಿ ಹೇಳುತ್ತೇನೆ ಎಂದರೆ, ನೈವೇದ್ಯಕ್ಕೆ ಮೊದಲು ಆಗದು ಎಂದು ಅದೇ ಹಟ.

"ಅಲ್ಲ ಮಾರಾಯ್ರೇ, ದೇವರಿಗೆ ಉಪ್ಪಿಲ್ಲದ ಸಾರು ಆಗ್ತದಾ?"

"ಅವನು ಹತ್ತು ವರ್ಷದಿಂದ ನನ್ನ ಕೈಯೂಟ ಮಾಡ್ತಿದಾನೆ. ಒಂದೆರಡು ತಿಂಗಳು ಸಹಿಸ್ಕೋತಾನೆ ಬಿಡಿ."

ಕೃಷ್ಣ ಸಹಿಸಿಕೊಂಡ. ಗೋಪಾಲ್ ಸಹಿಸಿಕೊಳ್ಳಲಿಲ್ಲ. ಗೋಪಾಲ್ ಹೊಸದಾಗಿ ಬಂದ ಮ್ಯಾನೇಜರ್. ನನ್ನನ್ನು ಕರೆದು, "ರೊಸಲಿನ್, ಊಟ ದಿನಕ್ಕೊಂಥರಾ ಇರತ್ತೆ. ಬೆಂಗಳೂರಿಂದ ಬೇರೆ ಕುಕ್ ಕಳ್ಸಿ ಅಂತ ಮೇಲ್ ಮಾಡ್ತೀನಿ" ಎಂದರು. ಸ್ವಲ್ಪ ದಿನ ತಡೆಯಿರಿ ಎಂದು ಬೇಡಿಕೊಂಡೆ. ವರ್ಷದ ಕೊನೆಯ ತನಕ ನೋಡೋಣ ಎಂದರು. ಈ ಮಾತನ್ನು ಭಟ್ಟರಿಗೂ ಹೇಳಿದೆ. ಅವತ್ತಿನಿಂದ ನಾನು ಮೀನು ತರುವುದನ್ನು ಬಿಟ್ಟೆ. ಡಬ್ಬಿ ತೆರೆದರೂ ಅವರು ಎದ್ದುಹೋಗದೆ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಗೆಸ್ಟ್‌ಹೌಸಿನ ಪಕ್ಕದ ಕಾಂಪೌಂಡಿನಲ್ಲಿ ಗ್ಲೋರಿಯಾ ಇದ್ದಾಳೆ. ಘಾನಾ ದೇಶದವಳು. ವಾರವಿಡೀ ಆಫೀಸು, ಭಾನುವಾರ ಹಿತ್ತಲಿನಲ್ಲಿ ಇದ್ದಿಲು ಹಾಕಿ ಮೀನು ಸುಡುತ್ತಾಳೆ. ಅವಳ ಊರಿನವರು, ಆಸುಪಾಸಿನ ಆಫೀಸುಗಳವರು ಬಂದು ತಿಂದುಹೋಗುತ್ತಾರೆ. ಅವಳದು ವಿಕ್ಟೋರಿಯಾ ಸರೋವರದ ತಿಲಾಪಿಯಾ. ಸಮುದ್ರದ ಮೀನು ತಿಂದು ಬೆಳೆದ ನನಗೆ ಸರೋವರದ್ದು ಮೀನೇ ಅಲ್ಲ. ಆದರೆ ಅದರ ಜೊತೆಗೆ ಕೊಡುವ ಖಾರದ ಚಟ್ನಿಗಾಗಿ ನಾನು ಆ ಮೀನನ್ನೂ ಕ್ಷಮಿಸಿದ್ದೆ.

ಒಂದು ಭಾನುವಾರ ಅವಳು ಬೇಲಿಯ ಮೇಲಿನಿಂದ ನನಗೊಂದು ತಟ್ಟೆ ಕೊಟ್ಟಳು. ಚಟ್ನಿ ಬೇರೆ ಬಟ್ಟಲಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭಟ್ಟರು ಬಟ್ಟಲನ್ನೇ ನೋಡಿದರು.

"ಇದ್ರಲ್ಲಿ ಮೀನಿದ್ಯಾ?"

"ಇಲ್ಲ. ಮೆಣಸು, ಟೊಮೇಟೊ, ಈರುಳ್ಳಿ, ಶುಂಠಿ, ಅಷ್ಟೇ."

ಅವರು ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಇಟ್ಟುಕೊಂಡರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿ ಕೆಂಪು. ಸ್ಟೂಲಿನ ಮೇಲೆ ಧೊಪ್ಪೆಂದು ಕೂತರು. ನಾನು ಗಾಬರಿಯಲ್ಲಿ ನೀರು ತಂದರೆ ಕೈಯಿಂದ ತಳ್ಳಿದರು.

"ಇರ್ಲಿ, ಇರ್ಲಿ! ಉರೀತಿದೆ ರೊಸಲಿನಮ್ಮ. ಬಾಯಿದೆ ನಂಗೆ, ಬಾಯಿದೆ!"

ಖಾರ ರುಚಿಯಲ್ಲ, ಬರೀ ಉರಿ, ಅದಕ್ಕೆ ಮೂಗು ಬೇಡ ಎಂದು ಡಾಕ್ಟರು ಆಮೇಲೆ ಹೇಳಿದರು. ಭಟ್ಟರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಹತ್ತಿಯ ಊಟ ಉಂಡುಂಡು ಸಾಕಾಗಿದ್ದವರಿಗೆ ಉರಿಯೂ ಹಬ್ಬವೇ. ಮುಂದಿನ ಭಾನುವಾರ ಸಿಟಿ ಪಾರ್ಕ್ ಮಾರ್ಕೆಟ್ಟಿನಿಂದ ಪಿಲಿಪಿಲಿ ಎಂಬೂಜಿ, ಅದೇ ಇಲ್ಲಿನವರು ಮೇಕೆಯ ಹೆಸರಿಟ್ಟು ಕರೆಯುವ ಆ ಗುಂಡನೆಯ ದುಷ್ಟ ಮೆಣಸು, ಒಂದು ಚೀಲ ಕೊಂಡು ಗ್ಲೋರಿಯಾಳ ಹಿತ್ತಲಿಗೆ ಹೋದರು. ಮಾತು ದಾಟಿಸಲು ನಾನೂ ಹೋದೆ.

ಅವಳ ಬಳಿ ಒಳಗೆಲ್ಲ ಗೀರು ಗೀರಾದ ಮಣ್ಣಿನ ಬಟ್ಟಲಿದೆ, ಅರೆಯಲು ನಡು ಸಣ್ಣಗಿರುವ ಮರದ ಗುಂಡಿದೆ. ಮೊದಲು ಶುಂಠಿ, ಉಪ್ಪು, ಮೆಣಸು. ಅದು ನುಣ್ಣಗಾದ ಮೇಲೆ ಈರುಳ್ಳಿ. ಕೊನೆಗೆ ಇದ್ದಿಲ ಅಂಚಿನಲ್ಲಿ ಸುಟ್ಟು ಸಿಪ್ಪೆ ಬಿಟ್ಟ ಟೊಮೇಟೊ, ಅದನ್ನು ಅರೆಯುವುದಲ್ಲ, ಬರೀ ಜಜ್ಜುವುದು. ಭಟ್ಟರಿಗೆ ಅರೆಯುವುದನ್ನು ಕಲಿಸಬೇಕಾಗಿರಲಿಲ್ಲ, ಬಟ್ಟಲು ಮಡಿಲಿಗೆ ಬಂದದ್ದೇ ಕೈ ತಾನಾಗಿ ತಿರುಗಿತು. ಜಗಳವಾದದ್ದು ಬೇರೆ ವಿಷಯಕ್ಕೆ. ಅವರು ಅಭ್ಯಾಸಬಲದಿಂದ ಬಟ್ಟಲ ಮೇಲೆ ಬಾಗಿ ಮೂಗಿನಿಂದ ಉಸಿರೆಳೆದರು, ಮೆಣಸಿನ ಘಾಟಿಗೆ ಕೆಮ್ಮಿ ಕೆಮ್ಮಿ ಸಾಕಾದರು.

"ಮೂಸಿದರೆ ಏನು ತಿಳಿಯುತ್ತದೆ? ತಿಂದು ನೋಡು" ಎಂದಳು ಗ್ಲೋರಿಯಾ, ಇಂಗ್ಲಿಷಿನಲ್ಲಿ. "ತನ್ನ ಖಾರವನ್ನು ತಾನೇ ತಿಂದು ನೋಡದವನು ಮಾಡಿದ್ದನ್ನು ನನ್ನ ಜನರಿಗೆ ಕೊಡುವುದಿಲ್ಲ."

ನಾನು ಅದನ್ನು ಕನ್ನಡಕ್ಕೆ ತಂದೆ. ಭಟ್ಟರು ಬಟ್ಟಲನ್ನು ಆಚೀಚೆ ತಿರುಗಿಸಿ ನೋಡಿದರು. ಕೊನೆಗೆ, "ಈರುಳ್ಳಿ ಬಿದ್ದಿದೆಯಲ್ಲ, ಇದು ಹೇಗೂ ನೈವೇದ್ಯಕ್ಕೆ ಬರಲ್ಲ. ತಿಂದ್ರೆ ದೋಷ ಇಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡು ಬೆರಳು ಅದ್ದಿದರು. ಐವತ್ತು ದಾಟಿದ ಅಡುಗೆಯವನು ಅಡುಗೆಯ ನಡುವೆ ರುಚಿ ನೋಡಿದ್ದು ಅದೇ ಮೊದಲು. ಅದೂ ನಾಲಗೆ ಸತ್ತಿರುವಾಗ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಪ್ರತಿ ಭಾನುವಾರ ಅವರದು ಅಲ್ಲೇ ಠಿಕಾಣಿ. ಇದ್ದಿಲಿಗೆ ಬೆನ್ನು ಹಾಕಿ ಕೂತು ಖಾರ ಅರೆಯುತ್ತಿದ್ದರು. ಅವರಿಗೆ ಗೊತ್ತಾಗುತ್ತಿದ್ದುದು ಉರಿಯೊಂದೇ ಆದ್ದರಿಂದ ಮೆಣಸು ವಾರದಿಂದ ವಾರಕ್ಕೆ ಏರಿತು. ಒಬ್ಬ ದಪ್ಪ ಆಸಾಮಿ ಟೈ ಸಡಿಲಿಸಿಕೊಂಡು ಅತ್ತದ್ದನ್ನು ಕಣ್ಣಾರೆ ಕಂಡೆ. ಅತ್ತವನು ಮುಂದಿನ ವಾರ ಇಬ್ಬರು ಸ್ನೇಹಿತರನ್ನು ಕರೆತಂದ. ಗೆಸ್ಟ್‌ಹೌಸಿನ ಹುಡುಗರೂ ದೋಸೆಗೆ ಅದನ್ನೇ ಹಚ್ಚಿಕೊಳ್ಳತೊಡಗಿದರು. ಆದರೆ ಸಾರು ಸರಿಯಾಗಲಿಲ್ಲ. ಡಿಸೆಂಬರ್ ಬಂತು. ಭಟ್ಟರು ಪೆಟ್ಟಿಗೆಯ ಧೂಳು ಒರೆಸಿಟ್ಟರು. ನಾನು ಸಂತ ಅಂತೋನಿಗೆ ಮೇಣದ ಬತ್ತಿ ಹಚ್ಚಿದೆ. ಕಳೆದುಹೋದುದನ್ನು ಹುಡುಕಿಕೊಡುವ ಸಂತ ಅವನು, ಮೂಗನ್ನೂ ಹುಡುಕಲಿ ಎಂದು.

ಆ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಗ್ಲೋರಿಯಾ ಹಸಿ ಮೀನುಗಳನ್ನು ಸಾಲಾಗಿ ಜಾಲರಿಯ ಮೇಲೆ ಇಡುತ್ತಿದ್ದಳು. ಗಾಳಿ ನಮ್ಮ ಕಡೆಗಿತ್ತು. ಭಟ್ಟರು ಟೊಮೇಟೊ ಜಜ್ಜುತ್ತಿದ್ದವರು ತಟ್ಟನೆ ಕೈಯಲ್ಲಿದ್ದ ಗುಂಡನ್ನು ಬಿಟ್ಟು ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. ಒತ್ತಿಕೊಂಡು ಹಾಗೆಯೇ ಕಲ್ಲಾದರು. ಮೆಲ್ಲಗೆ ವಸ್ತ್ರ ಇಳಿಸಿದರು.

"ನಾರ್ತಾ ಇದೆ" ಎಂದರು.

ಎದ್ದು ಜಾಲರಿಯ ಹತ್ತಿರ ಹೋಗಿ ಹೊಗೆಯ ಮೇಲೆ ಮುಖವಿಟ್ಟರು. "ಏನು? ನನ್ನ ಮೀನು ಹಾಳಾಗಿದೆಯೇ?" ಎಂದು ಗ್ಲೋರಿಯಾ ಸೊಂಟಕ್ಕೆ ಕೈಯಿಟ್ಟಳು. ನಾನು ವಿಷಯ ಹೇಳಿದೆ. ಅವಳು ಒಂದು ಮೀನನ್ನು ಮಗುಚಿ ಅವರ ಕಡೆಗೆ ತಳ್ಳಿದಳು. ಭಟ್ಟರು ಅಳುತ್ತ ನಗುತ್ತ ಮೂಸಿದರು. "ಥೂ, ಥೂ! ಎಂಥ ಗಬ್ಬು ನಾತ!" ಎನ್ನುತ್ತ ಮತ್ತೆ ಮೂಸಿದರು.

ಮರುದಿನ ಅವರೇ ಹೋಗಿ ಗೋಪಾಲ್‌ಗೆ ಎಲ್ಲ ಹೇಳಿದರು. ಇನ್ನೂ ಇಂಗಿನ ವಾಸನೆ ಬಂದಿಲ್ಲ, ಮೀನಿನದು ಮಾತ್ರ, ಅದೂ ಒಮ್ಮೊಮ್ಮೆ ಎಂದೂ ಮುಚ್ಚಿಡದೆ ಹೇಳಿದರು. ಗೋಪಾಲ್ ತಲೆ ಕೆರೆದುಕೊಂಡು, "ಮೊದ್ಲೇ ಹೇಳ್ಬಾರ್ದಿತ್ತಾ ಭಟ್ರೇ? ಇನ್ನೂ ಸ್ವಲ್ಪ ದಿನ ನೋಡೋಣ, ಅಲ್ಲೀವರೆಗೂ ರೊಸಲಿನ್ ರುಚಿ ನೋಡ್ಲಿ" ಎಂದರು. ನೈವೇದ್ಯದ ಪಾಲನ್ನು ಮೊದಲೇ ಬೇರೆ ಎತ್ತಿಟ್ಟು, ಉಳಿದದ್ದನ್ನು ನನ್ನ ನಾಲಗೆಗೆ ಬಿಡಲು ಭಟ್ಟರು ಹೇಗೋ ಒಪ್ಪಿದರು.

ನಾನು ಮತ್ತೆ ಮೀನು ತರತೊಡಗಿದೆ. ಅವರದೇ ಆಜ್ಞೆ. ಮಧ್ಯಾಹ್ನ ನನ್ನ ಎದುರಿಗೇ ಸ್ಟೂಲು ಎಳೆದುಕೊಂಡು, "ಮುಚ್ಚಳ ತೆಗೀರಿ, ಇವತ್ತು ಏನು?" ಎಂದು ಕೇಳುವರು. ಡಬ್ಬಿಯ ಮೇಲೆ ಬಾಗಿ ಮೂಸಿ, "ಒಂಚೂರು ಬರ್ತಿದೆ", "ಇವತ್ತಿಲ್ಲ" ಎಂದು ವರದಿ ಒಪ್ಪಿಸುವರು. ಅವರ ಮುಖ ಡಬ್ಬಿಯಲ್ಲಿದ್ದಷ್ಟು ಹೊತ್ತೂ ನಾನು ಹಸಿದುಕೊಂಡು ಕಾಯುತ್ತಿದ್ದೆ.

ಮೊನ್ನೆ ಮೊಂಬಾಸಾದ ಬಂಗುಡೆ ಸಿಕ್ಕಿತ್ತು. ಹುಳಿ ಮೆಣಸು ಬಿಗಿಯಾಗಿ ಹಾಕಿ ಪುಳಿಮುಂಚಿ ಮಾಡಿ ತಂದಿದ್ದೆ. ಭಟ್ಟರು ಎಂದಿನಂತೆ ಎದುರಿಗೆ ಕೂತಿದ್ದರು. ಮುಚ್ಚಳವನ್ನು ನಾನಿನ್ನೂ ಅರ್ಧ ತೆರೆದಿದ್ದೆ, ಅಷ್ಟರಲ್ಲಿ ಅವರು ಮುಖ ಕಿವುಚಿದರು.

"ರಾಮ ರಾಮ! ಏನ್ರೀ ಇದು, ಮನುಷ್ಯರು ಇರೋ ಜಾಗದಲ್ಲಿ!" ಎಂದವರೇ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಸ್ಟೂಲು ಬೀಳಿಸಿಕೊಂಡು ಜಗಲಿಗೆ ಓಡಿದರು. ತಾನೇನು ಮಾಡಿದೆನೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ನಾನು ಕರೆಯಲಿಲ್ಲ. ಮುಚ್ಚಳವನ್ನೂ ಮುಚ್ಚಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ ಒಬ್ಬಳೇ ಕೂತು ಬಂಗುಡೆ ತಿಂದು ಮುಗಿಸಿದೆ.